ಎದೆಯೊಳಗಿನ ಗಾಯಕ್ಕೂ ಪಿಂಚಣಿ ಉಂಟು

ನಮ್ಮ ಸೊರಬ, ಶಿಕಾರಿಪುರ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಗದ್ದೆಯ ಬದುವಿನಲ್ಲಿ ಅವು ನಿಂತಿರುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಮಕ್ಕಳೇ, ಇಷ್ಟನ್ನು ನೀವು ನೋಡಿರುತ್ತೀರಿ. ಆದರೆ ಬರೀ ಕಲ್ಲು ನಿಲ್ಲಿಸಿ ಕೈತೊಳೆದುಕೊಂಡರೆ ಸತ್ತವನ ಮನೆಯವರ ಹೊಟ್ಟೆ ತುಂಬೀತೆ? ಆದ್ದರಿಂದ ಅವರ ಜೀವನಕ್ಕೆಂದು ಭೂಮಿ ಬಿಟ್ಟುಕೊಡುತ್ತಿದ್ದುದುಂಟು. ಅದಕ್ಕೆ ಶಾಸನಗಳಲ್ಲಿ ‘ನೆತ್ತರುಕೊಡಗೆ’ ಎಂಬ ಹೆಸರಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಸೈನಿಕನ ಪಿಂಚಣಿ.

ನೆತ್ತರು ಸುರಿದರೆ ಹತ್ತು ಜನಕ್ಕೆ ಕಾಣುತ್ತದೆ. ಗುಂಡು ತಗುಲಿ ಕಾಲು ಹೋದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಹೃದಯದ ಕಾಯಿಲೆ ಹಾಗಲ್ಲ. ಹೊರಗೆ ಗಾಯವಿಲ್ಲ, ಕಲೆಯಿಲ್ಲ. ಹದಿನೈದಿಪ್ಪತ್ತು ವರ್ಷ ಸೇನೆಯಲ್ಲಿ ದುಡಿದು ಎದೆನೋವು ಹೊತ್ತು ಊರಿಗೆ ಬಂದವರಿಗೆ, ‘ನಿಮ್ಮ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ’ ಎಂದು ಒಂದು ಪತ್ರ ಬರುತ್ತದೆ. ಎಷ್ಟೋ ಮನೆಗಳಲ್ಲಿ ಆ ಪತ್ರ ಕರಿ ಟ್ರಂಕಿನ ತಳ ಸೇರಿ, ಮಾತು ಅಲ್ಲಿಗೇ ಮುಗಿಯುತ್ತದೆ. ಹಾಗೆ ಮುಗಿಯಬೇಕಾಗಿಲ್ಲ ಎಂದು ತಿಳಿಸುವುದಕ್ಕೇ ಈ ಲೇಖನ.

ಸೇವೆಗೂ ಹೃದಯಕ್ಕೂ ಏನು ನಂಟು?

ಹೃದಯ ಇಡೀ ಮೈಗೆ ರಕ್ತ ಹಂಚುತ್ತದೆ. ಆದರೆ ಅದಕ್ಕೂ ರಕ್ತ ಬೇಕಲ್ಲ? ಅದಕ್ಕೆಂದೇ ಸಣ್ಣ ರಕ್ತನಾಳಗಳಿವೆ. ಅವು ಕಟ್ಟಿಕೊಂಡರೆ ಎದೆನೋವು, ಹೃದಯಾಘಾತ.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ಅಜ್ಜ ಅಜ್ಜಿಯರು ಮರೆತಿರಲಾರರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಠಾಣೆ ಇದ್ದುದು ಸುಮಾರು 19,600 ಅಡಿ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಆಮ್ಲಜನಕ ಸಾಲದೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ, ರಕ್ತ ಮಂದವಾಗುತ್ತದೆ, ಚಳಿಗೆ ರಕ್ತನಾಳಗಳು ಸಂಕುಚಿಸುತ್ತವೆ. ಇಂಥ ಕಡೆ ಕಾವಲಿದ್ದು ಬಂದವರಿಗೆ ಮುಂದೆ ಎದೆನೋವು ಬಂದರೆ, ಸೇವೆಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ಸುಲಭವಾಗಿ ಹೇಳಲಾದೀತೆ?

ನಿಯಮ ಏನು ಹೇಳುತ್ತದೆ?

ಹೆಸರು ‘ಅಂಗವೈಕಲ್ಯ ಪಿಂಚಣಿ’ ಎಂದಿದ್ದರೂ ಅದು ಕೈಕಾಲು ಕಳೆದುಕೊಂಡವರಿಗೆ ಮಾತ್ರವಲ್ಲ. ಕಾಯಿಲೆಗೂ ಸಲ್ಲುತ್ತದೆ. ಎರಡು ಷರತ್ತುಗಳಿವೆ. ಒಂದು, ಕಾಯಿಲೆ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಎರಡು, ಸೇನೆಯ ವೈದ್ಯಕೀಯ ಮಂಡಳಿ ಅದನ್ನು ಕನಿಷ್ಠ ಶೇ. 20 ಎಂದು ಅಳೆದಿರಬೇಕು. ಜಗಳವೆಲ್ಲ ಮೊದಲನೆಯ ಷರತ್ತಿನ ಮೇಲೆ.

ಸಂಬಂಧವಿದೆ ಎಂದು ಸಾಬೀತು ಮಾಡಬೇಕಾದವರು ಯಾರು? ಸೈನಿಕನೇ ಎಂದು ಹೆಚ್ಚಿನವರು ತಿಳಿದಿದ್ದಾರೆ. 1982ರ ನಿಯಮಗಳು ಇದಕ್ಕೆ ತದ್ವಿರುದ್ಧವಾಗಿ ಹೇಳುತ್ತವೆ. ಭರ್ತಿಯಾಗುವಾಗ ವೈದ್ಯರು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡಿಯೇ ಸೇರಿಸಿಕೊಂಡಿರುತ್ತಾರೆ. ಆಗ ಯಾವ ಕಾಯಿಲೆಯನ್ನೂ ಬರೆದಿಲ್ಲವೆಂದರೆ ಆತ ಆರೋಗ್ಯವಂತನಾಗಿದ್ದನೆಂದೇ ಲೆಕ್ಕ. ಮುಂದೆ ಕಾಯಿಲೆಯಿಂದ ಹೊರಬಿದ್ದರೆ, ಅದು ಸೇವೆಯಿಂದ ಆದದ್ದಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ.

ಸಿಗ್ನಲ್ಸ್ ದಳದ ಧರಮ್‌ವೀರ್ ಸಿಂಗ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಅವರು 1985ರಲ್ಲಿ ಸೇರಿದರು. 1994ರಲ್ಲಿ ಮೂರ್ಛೆರೋಗದ ಕಾರಣಕ್ಕೆ ಶೇ. 20 ವೈಕಲ್ಯವೆಂದು ಮನೆಗೆ ಕಳಿಸಿದರು. ಪಿಂಚಣಿ ಕೊಡಲಿಲ್ಲ. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದರು, ಮೇಲಿನ ಪೀಠದಲ್ಲಿ ಸೋತರು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪಿತ್ತಿತು. ಭರ್ತಿಯ ದಿನ ಕಾಣದ ಕಾಯಿಲೆ ಅದು ಎನ್ನುವುದಾದರೆ, ಅಂದಿನ ಪರೀಕ್ಷೆಯಲ್ಲಿ ಅದು ಏಕೆ ಗೊತ್ತಾಗಲಿಲ್ಲ ಎಂಬುದಕ್ಕೆ ವೈದ್ಯಕೀಯ ಮಂಡಳಿ ಕಾರಣ ಬರೆಯಬೇಕು. ಕಾರಣವಿಲ್ಲದೆ ‘ಸಂಬಂಧವಿಲ್ಲ’ ಎಂದು ಒಂದು ಸಾಲು ಗೀಚಿದರೆ ಸಾಲದು. ಗಡಿಯಲ್ಲಿದ್ದಾಗಲೇ ಕಾಯಿಲೆ ಬಂದಿರಬೇಕೆಂದೂ ಇಲ್ಲ. ಶಾಂತಿಯ ಠಾಣೆಯಲ್ಲಿದ್ದಾಗ ಬಂದರೂ ಹಕ್ಕು ತಪ್ಪುವುದಿಲ್ಲ. ಅವರ ಕಾಯಿಲೆ ಬೇರೆಯಾದರೂ ಈ ಮಾತು ಹೃದಯದ ಕಾಯಿಲೆಗೂ ಅನ್ವಯಿಸುತ್ತದೆ.

ಹಾಗೆಂದು ಕೇಳಿದವರಿಗೆಲ್ಲ ಸಿಕ್ಕಿಬಿಡುತ್ತದೆ ಎಂದಲ್ಲ. ಬೀಡಿ ಸಿಗರೇಟು, ಮೈತೂಕ ಮುಂತಾದವು ದಾಖಲೆಯಲ್ಲಿದ್ದು, ಮಂಡಳಿ ಸರಿಯಾಗಿ ಕಾರಣ ಕೊಟ್ಟಿದ್ದರೆ ಅರ್ಜಿ ಬಿದ್ದುಹೋಗಬಹುದು. ಹೃದಯದ ಪ್ರಕರಣಗಳಲ್ಲಿ, ನೋವು ಕಾಣಿಸಿಕೊಂಡ ದಿನಕ್ಕೆ ಹಿಂದಿನ 14 ದಿನ ಆತ ಯಾವ ಕೆಲಸದಲ್ಲಿದ್ದನೆಂಬುದನ್ನೂ ನೋಡುತ್ತಾರೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಅದಕ್ಕೆ ಮೊದಲು ನಿವೃತ್ತರಾದವರಿಗೆ ಹಳೆಯವೇ ಅನ್ವಯ.

ಸ್ವಲ್ಪ ಲೆಕ್ಕ

ಬ್ಯಾಂಕಿನಲ್ಲಿ ಜೀವನ ಸವೆಸಿದವನು ನಾನು. ಲೆಕ್ಕ ಹೇಳದಿದ್ದರೆ ಸಮಾಧಾನವಿಲ್ಲ. ಮಕ್ಕಳೇ, ಪೆನ್ಸಿಲು ಹಿಡಿಯಿರಿ.

ಒಬ್ಬ ಹವಾಲ್ದಾರರ ಕೊನೆಯ ಸಂಬಳ ಲೆಕ್ಕಕ್ಕೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ವೈಕಲ್ಯ ಶೇ. 100 ಇದ್ದರೆ, ಮಾಮೂಲಿ ಪಿಂಚಣಿಯ ಮೇಲೆ ಸಂಬಳದ ಶೇ. 30, ಅಂದರೆ 12,000 ರೂಪಾಯಿ ಸೇರುತ್ತದೆ. ಇವರ ಹೃದಯದ ಕಾಯಿಲೆಯನ್ನು ಶೇ. 30 ಎಂದು ಅಳೆದಿದ್ದಾರೆ. ಹಾಗಾದರೆ 12,000ದ ಶೇ. 30, ಅಂದರೆ 3,600 ರೂಪಾಯಿ. ಆದರೆ ಇಲ್ಲೊಂದು ಅನುಕೂಲವಿದೆ. ಶೇ. 50ಕ್ಕಿಂತ ಕಡಿಮೆ ಇರುವುದನ್ನು ಶೇ. 50 ಎಂದೇ ಎಣಿಸಬೇಕು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗ ತಿಂಗಳಿಗೆ 6,000 ರೂಪಾಯಿ, ವರ್ಷಕ್ಕೆ 72,000. ಮಾತ್ರೆ, ಇಸಿಜಿ, ಶಿವಮೊಗ್ಗಕ್ಕೆ ಹೋಗಿಬರುವ ಬಸ್ ಚಾರ್ಜು ಇವಕ್ಕೆಲ್ಲ ಅದು ದೊಡ್ಡ ಆಸರೆ.

ತಡ ಮಾಡಿದರೆ ನಷ್ಟ. ತರ್ಸೆಮ್ ಸಿಂಗ್ ಎಂಬ ಸೈನಿಕರು 1983ರಲ್ಲಿ ಹೊರಬಂದು, 16 ವರ್ಷ ಬಿಟ್ಟು ಕೋರ್ಟಿಗೆ ಹೋದರು. ಪಿಂಚಣಿಯ ಹಕ್ಕು ಸತ್ತುಹೋಗಿರಲಿಲ್ಲ. ಆದರೆ ಹಿಂದಿನ ಬಾಕಿಯನ್ನು ಸುಮಾರು ಮೂರು ವರ್ಷಕ್ಕಷ್ಟೇ ಕೊಡಬಹುದೆಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಉಳಿದ ವರ್ಷಗಳ ಹಣ ಹೋದದ್ದು ಹೋಯಿತು.

ಮೆಟ್ಟಿಲುಗಳು

ಮೊದಲ ಕೆಲಸ, ಕಾಗದ ಹುಡುಕುವುದು. ಡಿಸ್ಚಾರ್ಜ್ ಬುಕ್ಕು, ಪಿಪಿಓ, ಬಿಡುಗಡೆಯ ವೇಳೆಯ ವೈದ್ಯಕೀಯ ಮಂಡಳಿಯ ವರದಿ, ‘ಇಲ್ಲ’ ಎಂದು ಬಂದ ಪತ್ರ. ಮಂಡಳಿಯ ವರದಿ ಇಲ್ಲದಿದ್ದರೆ ನಿಮ್ಮ ದಳದ ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು.

ಎರಡನೆಯದು, ಮೇಲ್ಮನವಿ. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲನೆಯದನ್ನು ಸಲ್ಲಿಸಬೇಕು. ಅಲ್ಲೂ ಆಗದಿದ್ದರೆ ಇನ್ನಾರು ತಿಂಗಳೊಳಗೆ ಎರಡನೆಯದು. ತಡವಾಗಿದ್ದರೆ ಕಾರಣ ಬರೆದು ಮನ್ನಿಸಲು ಕೇಳಿ.

ಮೂರನೆಯದು, ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಂತೆ ಹುಟ್ಟಿ 2009ರಲ್ಲಿ ಕೆಲಸ ಶುರುಮಾಡಿದ ಇದು ಸೈನಿಕರಿಗೆಂದೇ ಇರುವ ನ್ಯಾಯಾಲಯ. ಕರ್ನಾಟಕ ಇರುವುದು ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿ. ವಕೀಲರ ಮೂಲಕ ಅಥವಾ ತಾವೇ ವಾದ ಮಂಡಿಸಬಹುದು.

ಜಡೆಯಲ್ಲಿ ಕುಳಿತವರಿಗೆ ಕೊಚ್ಚಿ ದೂರವೇ ಸರಿ. ಆದರೆ ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಿಲ್ಲ. ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರದ ಮೇಲೆ ಹೋಗುವ ಬಸ್ಸು ಹತ್ತಿದರೆ ಶಿವಮೊಗ್ಗದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಅರ್ಜಿ ಬರೆಯುವ ದಾರಿಯನ್ನು ಅಲ್ಲಿ ಕೇಳಿ ತಿಳಿಯಬಹುದು. ಪುಕ್ಕಟೆ ಸಿಗುವ ತಿಳಿವಳಿಕೆಗೆ ದಲ್ಲಾಳಿಗಳಿಗೆ ದುಡ್ಡು ಸುರಿಯಬೇಡಿ.

ಮಕ್ಕಳಿಗೊಂದು ಕೆಲಸ

ನಿಮ್ಮ ಮನೆಯಲ್ಲಿ ಅಥವಾ ಕೇರಿಯಲ್ಲಿ ಸೇನೆಯಿಂದ ಬಂದ ಅಜ್ಜ ಇದ್ದಾರೆಯೇ? ಅವರಿಗೆ ಬರುವ ಪತ್ರಗಳೆಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತವೆ. ಕನ್ನಡಕ ಏರಿಸಿ, ಇಳಿಸಿ, ಮಡಿಸಿ ಇಟ್ಟುಬಿಡುತ್ತಾರೆ. ಈ ಭಾನುವಾರ ಅವರ ಪಕ್ಕ ಕೂತು, ಒಂದೊಂದೇ ಪತ್ರವನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳಿ. ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ತಾರೀಖು ಬರೆಯಿರಿ: ಸೇನೆಗೆ ಸೇರಿದ ದಿನ, ಕಾಯಿಲೆ ಮೊದಲು ಕಾಣಿಸಿದ ದಿನ, ಹೊರಬಂದ ದಿನ, ‘ಇಲ್ಲ’ ಎಂದ ಪತ್ರ ಬಂದ ದಿನ. ಎಲ್ಲೆಲ್ಲಿ ಕಾವಲಿದ್ದರು ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಮೇಲ್ಮನವಿಗೆ ಮುಖ್ಯವಾಗಿ ಬೇಕಾದದ್ದು ಇಷ್ಟೇ.

ಅಜ್ಜಂದಿರಿಗೂ ಒಂದು ಮಾತು. ‘ಈಗ ಯಾಕಪ್ಪ, ಸರ್ಕಾರದ ಹತ್ತಿರ ಬೇಡೋದು’ ಎನ್ನಬೇಡಿ. ಇದು ಬೇಡುವುದಲ್ಲ. ಗಟ್ಟಿ ಎದೆಯನ್ನು ದೇಶದ ಕೈಗಿತ್ತಿರಿ, ದಣಿದ ಎದೆಯನ್ನು ಹೊತ್ತು ಮನೆಗೆ ಬಂದಿರಿ. ಆ ಎರಡರ ನಡುವಿನ ಬಾಕಿಯನ್ನು ಕೇಳುತ್ತಿದ್ದೀರಿ, ಅಷ್ಟೇ.