ಕೈಯಲ್ಲಿದ್ದದ್ದು ಒಬ್ಬ ರಾಜ

2003ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯಕ್ಕೆ 839 ಮಂದಿ ಕೂತಿದ್ದರು. ಅವರಲ್ಲಿ ಕ್ರಿಸ್ ಮನಿಮೇಕರ್ ಯಾರಿಗೂ ಗೊತ್ತಿಲ್ಲದ ಆಟಗಾರ. ಟೆನೆಸ್ಸಿಯ 27 ವರ್ಷದ ಲೆಕ್ಕಿಗ. ಪ್ರವೇಶ ಶುಲ್ಕ 10,000 ಡಾಲರ್. ಅಷ್ಟು ಹಣ ಆತ ಕಟ್ಟಿರಲಿಲ್ಲ. ಪೋಕರ್‌ಸ್ಟಾರ್ಸ್ ಎಂಬ ಆನ್‌ಲೈನ್ ತಾಣದಲ್ಲಿ 86 ಡಾಲರ್ ಕಟ್ಟಿ, ಅರ್ಹತಾ ಆಟಗಳನ್ನು ಒಂದೊಂದಾಗಿ ಗೆದ್ದು ಅಲ್ಲಿಗೆ ಬಂದಿದ್ದ. ಮೇಜಿನೆದುರು ಕೂತು ಆಡಿದ ಪಂದ್ಯಾವಳಿ ಅದೇ ಮೊದಲನೆಯದು.

ಅದೃಷ್ಟವೂ ಕೈಹಿಡಿಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಅಂತಿಮ ಮೇಜಿಗೆ ಒಂದೇ ಮೆಟ್ಟಿಲು ಬಾಕಿಯಿದ್ದಾಗ ಫಿಲ್ ಐವಿಯಂಥ ಅಸಾಧಾರಣ ಆಟಗಾರ ಮೂರು ಒಂಬತ್ತು, ಎರಡು ರಾಣಿ ಕೂಡಿಸಿಕೊಂಡು ಮುಂದಿದ್ದ. ಕೊನೆಯ ಎಲೆಯಾಗಿ ಮನಿಮೇಕರ್‌ಗೆ ಬೇಕಿದ್ದ ಎಕ್ಕ ಬಿತ್ತು. ಐವಿ ಎದ್ದು ಹೋಗಬೇಕಾಯಿತು.

ಆದರೆ ಕೊನೆಗೆ ಇಬ್ಬರೇ ಉಳಿದು ಸ್ಯಾಮ್ ಫರ್ಹಾನ ಎದುರು ಕೂತಾಗ ಮನಿಮೇಕರ್ ತೋರಿಸಿದ ಎದೆಗಾರಿಕೆಯನ್ನು ಅದೃಷ್ಟದ ಲೆಕ್ಕಕ್ಕೆ ಬರೆಯಲಾಗದು. ಹೊತ್ತಿಸದ ಸಿಗರೇಟನ್ನು ತುಟಿಗಿಟ್ಟುಕೊಂಡು ಆಡುವ ಫರ್ಹಾ ನುರಿತ ವೃತ್ತಿಪರ. ಬಹುಮಾನದ ಹಣವನ್ನು ಸಮನಾಗಿ ಹಂಚಿಕೊಳ್ಳೋಣ ಎಂದ ಮನಿಮೇಕರ್‌ನ ಮಾತಿಗೆ ಆತ ಒಪ್ಪಲಿಲ್ಲ. ಆಮೇಲೆ ಆ ಆಟ ಬಂತು. ಮನಿಮೇಕರ್ ಬಳಿ ರಾಜ ಮತ್ತು ಏಳು. ಮೇಜಿನ ಮೇಲೆ ಇಸ್ಪೀಟು ಜಾತಿಯ ಮೂರು ಎಲೆಗಳಿದ್ದವು, ಇನ್ನೊಂದು ಬಿದ್ದಿದ್ದರೆ ಆತನ ಕೈ ತುಂಬುತ್ತಿತ್ತು. ಬೀಳಲಿಲ್ಲ. ಒಂದು ಜೋಡಿಯೂ ಕೂಡಲಿಲ್ಲ. ಫರ್ಹಾನಿಗೆ ಒಂಬತ್ತರ ಜೋಡಿ ಆಗಲೇ ಸಿಕ್ಕಿತ್ತು. ಮನಿಮೇಕರ್ ತನ್ನ ಚಿಪ್ಸ್ ರಾಶಿಯನ್ನೆಲ್ಲ ಒಡ್ಡಿಬಿಟ್ಟ. ಫರ್ಹಾನಿಗೆ ಅನುಮಾನವಿತ್ತು, ಇಸ್ಪೀಟು ತಪ್ಪಿತಲ್ಲವೇ ಎಂದು ಬಾಯಿಬಿಟ್ಟೇ ಕೆಣಕಿದ. ಎದುರಿಗಿದ್ದವನು ಅಲುಗಾಡಲಿಲ್ಲ. ಕೊನೆಗೆ ಫರ್ಹಾ ಗೆಲ್ಲುವ ಎಲೆಗಳನ್ನೇ ಕೆಳಗಿಟ್ಟ. ಕೈಯಲ್ಲಿ ಏನೂ ಇಲ್ಲದಾಗ ಉಸಿರು ಏರುಪೇರಾಗದಂತೆ ಕೂರುವುದು ಈ ಆಟದ ಅತ್ಯಂತ ಕಠಿಣ ವಿದ್ಯೆ. ಜಗತ್ತಿನ ಅತಿ ದೊಡ್ಡ ಮೇಜಿನಲ್ಲಿ ಹೊಸಬನೊಬ್ಬ ಅದನ್ನು ಮಾಡಿ ತೋರಿಸಿದ.

ಅದಾದ ಮೇಲೆ ಪಂದ್ಯ ಹೆಚ್ಚು ಹೊತ್ತು ಉಳಿಯಲಿಲ್ಲ. ಐದು ಮತ್ತು ನಾಲ್ಕರ ಸಾಮಾನ್ಯ ಎಲೆಗಳಿಂದ ಫರ್ಹಾನ ಗುಲಾಮರ ಜೋಡಿಯನ್ನು ಸೋಲಿಸಿ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ.

ಆಟಗಾರರ ಗುಟ್ಟಿನ ಎಲೆಗಳನ್ನು ಇಎಸ್‌ಪಿಎನ್ ಪುಟ್ಟ ಕ್ಯಾಮೆರಾಗಳಿಂದ ಪ್ರೇಕ್ಷಕರಿಗೆ ತೋರಿಸಿತ್ತು. ಫರ್ಹಾನಿಗೆ ಕಾಣದ್ದು ಮನೆಮನೆಯಲ್ಲಿ ಕಂಡಿತು. ಆ ಧೈರ್ಯದ ಬೆಲೆ ಜನರಿಗೆ ತಿಳಿದದ್ದೇ ಹೀಗೆ. ನಾನೂ ಯಾಕೆ ಆಡಬಾರದು ಎಂದು ಸಾವಿರಾರು ಜನ ಹೊರಟರು. ಮುಖ್ಯ ಪಂದ್ಯಕ್ಕೆ 2004ರಲ್ಲಿ 2,576 ಮಂದಿ ಕೂತರು, 2006ರಲ್ಲಿ 8,773. ಆದರೆ ಈ ಪಂದ್ಯದಲ್ಲಿ ವಿಜೇತನ ಹಣ ಸೋತವರ ಜೇಬಿನಿಂದಲೇ ಬರುತ್ತದೆ. 2003ರಲ್ಲೂ ಬಹುತೇಕರು ಹಣ ಕಳೆದುಕೊಂಡೇ ಎದ್ದಿದ್ದರು. ಹೊಸದಾಗಿ ಬಂದವರಲ್ಲಿ ಎಷ್ಟು ಜನ ಆ ಲೆಕ್ಕ ಹಾಕಿದ್ದರೋ. 2004ರಲ್ಲಿ ಗೆದ್ದ ಗ್ರೆಗ್ ರೇಮರ್ ಕೂಡ ಆನ್‌ಲೈನ್ ಅರ್ಹತೆಯಿಂದಲೇ ಬಂದವನು. ಆತನ ಪಾಲಿಗೆ ಬಂದ ಮೊತ್ತ 50 ಲಕ್ಷ ಡಾಲರ್.