ಬಂಬಾಲಿಯ ಬಾಕಿ

ಗಾಜು ಒಡೆದ ಮೊಬೈಲ್ ಹಿಡಿದು ನಿಂತ ಫುಟ್‌ಬಾಲ್ ಆಟಗಾರನ ಫೋಟೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಕೋಟಿಗಟ್ಟಲೆ ದುಡಿಯುವವನ ಸರಳತೆ ನೋಡಿ ಎಂಬ ಒಕ್ಕಣೆ, ಕೆಳಗೆ ಕೈಮುಗಿದ ನಾಲ್ಕು ಇಮೋಜಿ. ಅವನು ಸೆನೆಗಲ್‌ನ ಸಾದಿಯೊ ಮಾನೆ. ಫೋನಿನ ಕಥೆ ಹಾಗಿರಲಿ, ಅವನ ಊರಿನ ಕಥೆ ಅದಕ್ಕಿಂತ ಗಟ್ಟಿ.

ನಕ್ಷೆಯಲ್ಲಿ ಸೆನೆಗಲ್‌ನ ಹೊಟ್ಟೆಯೊಳಕ್ಕೆ ಗ್ಯಾಂಬಿಯಾ ದೇಶ ಬೆರಳಿನಂತೆ ತೂರಿಕೊಂಡಿದೆ. ಅದರ ದಕ್ಷಿಣಕ್ಕೆ ಕಾಸಾಮಾನ್ಸ್ ಸೀಮೆ, ಅಲ್ಲಿನ ಹಳ್ಳಿ ಬಂಬಾಲಿ. 1992ರ ಏಪ್ರಿಲ್ 10ರಂದು ಹುಟ್ಟಿದ ಮಾನೆಯ ತಂದೆ ಇಮಾಮ್. ಓದು, ನಮಾಜಿನ ಮುಂದೆ ಚೆಂಡಿಗೆ ಆ ಕುಟುಂಬದಲ್ಲಿ ಬೆಲೆಯಿರಲಿಲ್ಲ.

ಹುಡುಗನಿಗೆ ಏಳು ವರ್ಷ. ತಂದೆಗೆ ಹೊಟ್ಟೆಯ ಕಾಯಿಲೆ. ಊರಲ್ಲಿ ಆಸ್ಪತ್ರೆ ಇಲ್ಲ. ನಾಟಿ ಔಷಧಿ ಕೊಟ್ಟರು. ಮೂರ್ನಾಲ್ಕು ತಿಂಗಳು ತಗ್ಗಿದಂತಿದ್ದು ಮತ್ತೆ ಮರುಕಳಿಸಿತು. ಪಕ್ಕದ ಊರಿಗೆ ಒಯ್ದರೂ ಉಳಿಯಲಿಲ್ಲ. ಆಟಕ್ಕೆ ಅಣಿಯಾಗುತ್ತಿದ್ದ ಹುಡುಗನ ಬಳಿ ಸಂಬಂಧಿಕರ ಪೈಕಿ ಒಬ್ಬ ಬಂದು ನಿನ್ನಪ್ಪ ಹೋದ ಅಂದನಂತೆ. ಇವನೇನೋ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ ಎಂದು ಮಾನೆ ಮುಂದೆ ಹೇಳಿಕೊಂಡಿದ್ದಾನೆ.

2002ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಸೆನೆಗಲ್ ಹಾಲಿ ಚಾಂಪಿಯನ್ ಫ್ರಾನ್ಸನ್ನು ಕೆಡವಿತು. ಹತ್ತರ ಪೋರನ ತಲೆಗೆ ಹುಳ ಹೊಕ್ಕಿತು. ಹದಿಹರೆಯದಲ್ಲಿ ಮನೆಯವರಿಗೆ ಹೇಳದೆ ಡಕಾರ್‌ಗೆ ಓಡಿದ. ಹುಡುಕಿ ಕರೆತಂದಾಗ ಅವನದೊಂದು ಷರತ್ತು: ಒಂದೇ ವರ್ಷ ಶಾಲೆ, ಆಮೇಲೆ ತಡೆಯಬಾರದು. ಮತ್ತೆ ಡಕಾರ್. ಆಯ್ಕೆಗೆ ಬಂದವನ ಹರಿದ ಬೂಟು, ಚಡ್ಡಿ ನೋಡಿ ಹಿರಿಯರೊಬ್ಬರು ಹುಬ್ಬೇರಿಸಿದರು. ಆಟ ನೋಡಿದ ಮೇಲೆ ಬಿಡಲಿಲ್ಲ. 2011ರಲ್ಲಿ ಮೆಟ್ಜ್ ಕ್ಲಬ್ಬಿಗೆ ಹೋಗಿ ಫ್ರಾನ್ಸ್‌ನಿಂದ ಫೋನ್ ಮಾಡಿದರೆ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಟಿವಿಯಲ್ಲಿ ಮಗ ಕಂಡ ಮೇಲಷ್ಟೇ ಅನುಮಾನ ಹೋದದ್ದು.

ಮುಂದಿನದನ್ನು ಅಭಿಮಾನಿಗಳು ಬಾಯಿಪಾಠ ಒಪ್ಪಿಸುತ್ತಾರೆ. ಸೌತಾಂಪ್ಟನ್ ಪರ 2015ರಲ್ಲಿ ಆ್ಯಸ್ಟನ್ ವಿಲ್ಲಾ ವಿರುದ್ಧ ಮೂರು ನಿಮಿಷದೊಳಗೆ ಮೂರು ಗೋಲು. ಲಿವರ್‌ಪೂಲ್ ಜೊತೆ 2019ರಲ್ಲಿ ಚಾಂಪಿಯನ್ಸ್ ಲೀಗ್, ಮರುವರ್ಷ ಪ್ರೀಮಿಯರ್ ಲೀಗ್. ನನಗೆ ಕಣ್ಣಿಗೆ ಕಟ್ಟಿರುವುದು ಮಾತ್ರ 2022ರ ಫೆಬ್ರುವರಿಯ ಆಫ್ರಿಕಾ ಕಪ್ ಫೈನಲ್. ಈಜಿಪ್ಟ್ ಎದುರು ಏಳನೇ ನಿಮಿಷದ ಪೆನಾಲ್ಟಿ ಕೈಚೆಲ್ಲಿದವನೇ ಶೂಟ್‌ಔಟ್‌ನ ನಿರ್ಣಾಯಕ ಒದೆತಕ್ಕೂ ಬಂದ. ಗೋಲು. ಸೆನೆಗಲ್‌ಗೆ ಮೊತ್ತಮೊದಲ ಕಿರೀಟ.

ಅದಕ್ಕೂ ಮುಂಚೆಯೇ ಊರಿನ ಲೆಕ್ಕ ಶುರುವಾಗಿತ್ತು. ಮೊದಲು ಶಾಲೆ. 2021ರಲ್ಲಿ ಸುಮಾರು ಐದು ಲಕ್ಷ ಪೌಂಡ್ ವೆಚ್ಚದ ಆಸ್ಪತ್ರೆ. ಅದಕ್ಕಾಗಿ ಅಧ್ಯಕ್ಷ ಮ್ಯಾಕಿ ಸಾಲ್ ಅವರನ್ನೂ ಕಂಡು ಮಾತಾಡಿದ. ಯಾಕೆ ಎಂದು ನಮ್ಮ ತಾಲ್ಲೂಕುಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕಟ್ಟಡ ಎದ್ದರೂ ಡಾಕ್ಟರು, ನರ್ಸು ಬಾರದಿದ್ದರೆ ಬಾಗಿಲಿಗೆ ಬೀಗವೇ. 2022ರಲ್ಲಿ ಬ್ಯಾಲನ್ ಡಿ'ಓರ್ ಸಮಾರಂಭದಲ್ಲಿ ಸಮಾಜಸೇವೆಗೆಂದು ಹೊಸದಾಗಿ ಹುಟ್ಟುಹಾಕಿದ ಸಾಕ್ರಟೀಸ್ ಪ್ರಶಸ್ತಿ ಮೊದಲಿಗೆ ಸಂದದ್ದು ಇವನಿಗೇ.

ಆಸ್ಪತ್ರೆ ಇಲ್ಲದ್ದರಿಂದ ತನ್ನ ಸೋದರಿ ಮನೆಯಲ್ಲೇ ಹುಟ್ಟಿದ್ದು ಮಾನೆಗೆ ನೆನಪಿದೆ. ಬಂಬಾಲಿಯ ಹೊಸ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗವೂ ಇದೆ.