ಗುಂಪಿನ ಪ್ರವಾಸ, ರಾತ್ರಿಯ ಚಿಂತೆ

ಮೈಕಿನ ಮುಂದೆ ಹೇಳಲು ಸಂಕೋಚವಾಗುವ ಕೆಲವು ವಿಷಯಗಳನ್ನು ಈ ಪುಟದಲ್ಲಿ ಹೇಳಬಹುದು. ನೀವು ಓದುವುದು ಪಕ್ಕದವರಿಗೆ ಕೇಳಿಸುವುದಿಲ್ಲವಲ್ಲ! ಇವತ್ತಿನ ವಿಷಯ ಅಂಥದ್ದೇ. ದೊಡ್ಡವರಾದ ಮೇಲೂ ನಿದ್ದೆಯಲ್ಲಿ ಮೂತ್ರ ಹೋಗುವ ತೊಂದರೆ, ಮತ್ತು ಆ ತೊಂದರೆ ಇದ್ದವರು ಹತ್ತು ಜನರ ಜೊತೆ ಪ್ರವಾಸ ಹೋಗುವುದು ಹೇಗೆ ಎಂಬುದು.

ಬಾಲಾನಗರದ ಕಾರ್ಖಾನೆಗಳ ಸುತ್ತಮುತ್ತ ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮವರು ಇದ್ದಾರೆ. ಓಣಿಯವರೋ ಭಜನಾ ಮಂಡಳಿಯವರೋ ಸೇರಿ ಟೆಂಪೋ ಟ್ರಾವೆಲರ್ ಗೊತ್ತುಮಾಡಿಕೊಂಡು ಮಂತ್ರಾಲಯ, ಗಾಣಗಾಪುರ, ಹಂಪಿ ಎಂದು ಹೊರಡುತ್ತಾರೆ. ಕೊನೆ ಗಳಿಗೆಯಲ್ಲಿ ಯಾರೋ ಒಬ್ಬರು "ನನಗೆ ರಜೆ ಸಿಗಲಿಲ್ಲ, ನೀವು ಹೋಗಿಬನ್ನಿ" ಅನ್ನುತ್ತಾರೆ. ಕೆಲವರಿಗೆ ರಜೆ ಸಿಗದಿರುವುದು ನಿಜ. ಕೆಲವರಿಗೆ ಅದು ನೆಪ. ಛತ್ರದ ಹಾಲಿನಲ್ಲಿ ಎಲ್ಲರ ನಡುವೆ ಮಲಗಬೇಕಲ್ಲ ಎಂಬ ಭಯ ಅವರನ್ನು ಮನೆಯಲ್ಲೇ ಉಳಿಸಿಬಿಡುತ್ತದೆ. ತಾಯಿಯನ್ನು ರಾಯರ ದರ್ಶನಕ್ಕೆ ಕರೆದೊಯ್ಯುವ ಆಸೆ, ಅಕ್ಕನ ಮಗಳ ಮದುವೆಗೆ ಎರಡು ದಿನ ಮೊದಲೇ ಹೋಗುವ ಆಸೆ, ಎಲ್ಲವೂ ಹಾಗೇ ಉಳಿಯುತ್ತವೆ.

ನಾನು ಡಾಕ್ಟರ್ ಅಲ್ಲ. ಆದರೆ ಈ ಭಯದ ಬಹುಪಾಲು ತಯಾರಿಯಿಂದ ಕಡಿಮೆಯಾಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ನೀವೊಬ್ಬರೇ ಅಲ್ಲ

ದೊಡ್ಡವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಈ ತೊಂದರೆ ಇರುತ್ತದೆ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಇದು ಸೋಮಾರಿತನವಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ರಾತ್ರಿ ಹೊತ್ತು ಮೂತ್ರದ ಉತ್ಪತ್ತಿ ಕಡಿಮೆ ಮಾಡುವ ಒಂದು ಹಾರ್ಮೋನು ನಮ್ಮ ದೇಹದಲ್ಲಿದೆ. ಕೆಲವರಲ್ಲಿ ಅದು ಸಾಕಷ್ಟು ಕೆಲಸ ಮಾಡುವುದಿಲ್ಲ. ಕೆಲವರ ಮೂತ್ರಚೀಲ ಬೇಗ ಹಿಂಡಿಕೊಳ್ಳುತ್ತದೆ. ಇನ್ನು ಕೆಲವರಿಗೆ ಚೀಲ ತುಂಬಿದ್ದು ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ.

ಚಿಕ್ಕಂದಿನಿಂದ ಬಂದದ್ದು ಒಂದು ಬಗೆ. ವರ್ಷಗಟ್ಟಲೆ ಸರಿಯಾಗಿದ್ದು ಈಗ ಹೊಸದಾಗಿ ಶುರುವಾದದ್ದು ಇನ್ನೊಂದು. ಈ ಎರಡನೆಯದನ್ನು ಮುಚ್ಚಿಡಬೇಡಿ. ಅದರ ಹಿಂದೆ ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಮಲಬದ್ಧತೆ, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ನಿದ್ದೆ ಮಾತ್ರೆಯಂಥ ಔಷಧಿ ಇರಬಹುದು. ಐವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ, ಮೂತ್ರಚೀಲ ಪೂರ್ತಿ ಖಾಲಿಯಾಗದೆ ರಾತ್ರಿ ತುಂಬಿ ಹರಿಯುವುದೂ ಉಂಟು. ಅದನ್ನು ಹಾಗೇ ಬಿಟ್ಟರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಹಾಗಾಗಿ ಪ್ರವಾಸಕ್ಕೆ ತಿಂಗಳು ಇರುವಾಗಲೇ ಒಮ್ಮೆ ತೋರಿಸಿಕೊಳ್ಳಿ. ಇ.ಎಸ್.ಐ. ಕಾರ್ಡ್ ಇರುವವರಿಗೆ ಪಕ್ಕದ ಸನತ್‌ನಗರದಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ. ಪಂಜಗುಟ್ಟದ ನಿಮ್ಸ್‌ನಲ್ಲಿ ಮೂತ್ರರೋಗ ವಿಭಾಗ ಇದೆ. ಮೊದಲಿಗೆ ಮಾಡುವುದು ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ, ಹೊಟ್ಟೆಯ ಸ್ಕ್ಯಾನಿಂಗ್, ಇಷ್ಟೇ. ತೆಲುಗಿನಲ್ಲಿ ಹೇಳಲು ನಾಲಿಗೆ ಏಳದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಡಿ. ಡಾಕ್ಟರಿಗೆ ಇದು ಹೊಸ ಮಾತಲ್ಲ.

ಮನೆಯಲ್ಲೇ ಒಂದು ವಾರ ಲೆಕ್ಕ

ಹೊರಡುವ ಮೊದಲು ಒಂದು ವಾರ ಬರೆದಿಡಿ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಒದ್ದೆಯಾಯಿತು, ಸಂಜೆ ಏನೇನು ಕುಡಿದಿರಿ ಎಂದು. ಹೆಚ್ಚಾಗಿ ಎರಡು ಗಂಟೆ ಹೊತ್ತಿಗೆ ಆಗುತ್ತಿದ್ದರೆ ಒಂದೂವರೆಗೆ ಮೊಬೈಲ್ ಅಲಾರಂ ಇಡಬಹುದು. ಗುಂಪಿನಲ್ಲಿ ಸದ್ದು ಬೇಡ. ವೈಬ್ರೇಷನ್‌ಗೆ ಹಾಕಿ ದಿಂಬಿನ ಕೆಳಗಿಡಿ. ಇದರಿಂದ ಕಾಯಿಲೆ ವಾಸಿಯಾಗದು, ಆ ರಾತ್ರಿ ಪಾರಾಗಬಹುದು.

ಬೆಳಿಗ್ಗೆಯಿಂದಲೇ ನೀರು ಬಿಡುವುದು ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಹಗಲು ಚೆನ್ನಾಗಿ ಕುಡಿಯಿರಿ, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ. ಸಂಜೆಯ ಮೇಲೆ ಕಾಫಿ, ಇರಾನಿ ಚಾಯ್ ಬೇಡ. ಮದ್ಯವಂತೂ ಬೇಡವೇ ಬೇಡ. ಮಲಗುವ ಮುನ್ನ ಒಮ್ಮೆ ಹೋಗಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹೋಗಿಬನ್ನಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಮಂತ್ರಾಲಯದಷ್ಟು ದೂರ ಕಾಲು ಇಳಿಬಿಟ್ಟು ಕೂತರೆ ಕಾಲಿನಲ್ಲಿ ನೀರು ತುಂಬಿಕೊಳ್ಳುತ್ತದೆ. ರಾತ್ರಿ ಮಲಗಿದ ಕೂಡಲೇ ಆ ನೀರು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಆದ್ದರಿಂದ ಊರು ತಲುಪಿದ ಮೇಲೆ, ಸಂಜೆಯೇ ಒಂದು ಗಂಟೆ ಕಾಲು ಎತ್ತರಕ್ಕೆ ಇಟ್ಟು ಮಲಗಿ. "ಕಾಲು ನೋವು" ಅಂದರೆ ಯಾರೂ ಬೇರೆ ಕೇಳುವುದಿಲ್ಲ.

ರಾತ್ರಿ ಮೂತ್ರ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಎಂಬ ಔಷಧಿ ಇದೆ. ಇದನ್ನು ಬೇರೆಯವರಿಂದ ಕೇಳಿ ನುಂಗಬೇಡಿ. ರಕ್ತದಲ್ಲಿ ಸೋಡಿಯಂ ಅಪಾಯಕಾರಿಯಾಗಿ ಇಳಿಯಬಹುದು, ವಯಸ್ಸಾದವರಲ್ಲಿ ಅದು ಇನ್ನೂ ಹೆಚ್ಚು. ಡಾಕ್ಟರ್ ಕೊಟ್ಟರೆ ಮನೆಯಲ್ಲಿದ್ದಾಗಲೇ ಶುರುಮಾಡಿ, ಪ್ರವಾಸದಲ್ಲಿ ಮೊದಲ ಸಲ ಬೇಡ. ಬಿ.ಪಿ. ಮಾತ್ರೆಯ ಸಮಯವನ್ನೂ ನೀವಾಗಿಯೇ ಬದಲಿಸಬೇಡಿ.

ಚೀಲದಲ್ಲಿ ಏನಿರಬೇಕು

ಮೆಡಿಕಲ್ ಶಾಪಿನಲ್ಲಿ ದೊಡ್ಡವರ ಡಯಾಪರ್ ಎರಡು ಬಗೆಯಲ್ಲಿ ಸಿಗುತ್ತವೆ. ಪಕ್ಕದಲ್ಲಿ ಅಂಟಿಸುವುದು ಒಂದು, ಚಡ್ಡಿಯಂತೆ ಹಾಕಿಕೊಳ್ಳುವುದು ಇನ್ನೊಂದು. ಪ್ರವಾಸಕ್ಕೆ ಎರಡನೆಯದೇ ಸರಿ. ಲುಂಗಿ, ಪೈಜಾಮ, ನೈಟಿಯ ಕೆಳಗೆ ಕಾಣುವುದಿಲ್ಲ. ಸೊಂಟದ ಅಳತೆ ನೋಡಿ ತನ್ನಿ, ಮನೆಯಲ್ಲಿ ಒಂದು ರಾತ್ರಿ ಹಾಕಿ ಪರೀಕ್ಷೆ ಮಾಡಿ. ಪಕ್ಕಕ್ಕೆ ತಿರುಗಿ ಮಲಗುವವರಿಗೆ ಅಂಚಿನಲ್ಲಿ ಸೋರಬಹುದು. ಕೊಳ್ಳಲು ನಾಚಿಕೆಯೇ? "ಮನೆಯಲ್ಲಿ ವಯಸ್ಸಾದವರಿದ್ದಾರೆ" ಎಂದರೆ ಮುಗಿಯಿತು, ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ.

ಒಂದು ರಾತ್ರಿಗೆ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಜೊತೆಗೆ ಮಕ್ಕಳಿಗೆ ಹಾಸುವಂಥ ರಬ್ಬರ್ ಶೀಟಿನ ಒಂದು ತುಂಡು, ಅದರ ಮೇಲೆ ಹಾಸಲು ಗಾಢ ಬಣ್ಣದ ಹೊದಿಕೆ, ಒಂದು ಜೊತೆ ಹೆಚ್ಚಿನ ಬಟ್ಟೆ, ಹಳೇ ಪೇಪರ್, ಕಪ್ಪು ಕವರು, ಸೋಪು. ಇವೆಲ್ಲ ನಿಮ್ಮ ಹೆಗಲ ಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸಿನಲ್ಲಿಟ್ಟು ಗಾಡಿಯ ಡಿಕ್ಕಿಗೆ ಹಾಕಿದರೆ ಬೇಕಾದಾಗ ಕೈಗೆ ಸಿಗುವುದಿಲ್ಲ.

ರೈಲಿನಲ್ಲಿ, ಛತ್ರದಲ್ಲಿ

ಕಾಚಿಗೂಡದಿಂದ ಮೈಸೂರು ಕಡೆಗೆ ರಾತ್ರಿ ರೈಲು ಹಿಡಿಯುವವರು ಕೆಳಗಿನ ಬರ್ತ್ ಕೇಳಿ. 45 ದಾಟಿದ ಹೆಂಗಸರಿಗೆ, 60 ದಾಟಿದ ಗಂಡಸರಿಗೆ ಕೆಳ ಬರ್ತಿನ ಕೋಟಾ ಇದೆ. ಸಿಕ್ಕೇ ಸಿಗುತ್ತದೆಂದಲ್ಲ, ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಎ.ಸಿ. ಬೋಗಿಯಲ್ಲಿ ಕೊಡುವ ಬಿಳಿ ಹೊದಿಕೆಯ ಮೇಲೆ ನಿಮ್ಮ ಹೊದಿಕೆ ಹಾಸಿಕೊಳ್ಳಿ. ಬಳಸಿದ ಡಯಾಪರನ್ನು ರೈಲಿನ ಶೌಚಾಲಯದೊಳಗೆ ಹಾಕಲೇಬೇಡಿ. ಈಗಿರುವುದು ಬಯೋ ಟಾಯ್ಲೆಟ್, ಕಟ್ಟಿಕೊಂಡರೆ ಇಡೀ ಬೋಗಿಗೆ ತೊಂದರೆ. ಸುತ್ತಿ, ಪೇಪರಿನಲ್ಲಿಟ್ಟು, ಕವರು ಕಟ್ಟಿ ಕಸದ ಬುಟ್ಟಿಗೆ ಹಾಕಿ.

ಛತ್ರದಲ್ಲಿ ಜಮಖಾನ ಹಾಸುವ ಹೊತ್ತಿಗೆ ಮೊದಲೇ ಹೋಗಿ ಬಾತ್‌ರೂಮಿನ ಕಡೆಯ ಗೋಡೆ ಬದಿ ಹಿಡಿಯಿರಿ. ಎಲ್ಲರೂ ಮಲಗುವ ಗಡಿಬಿಡಿಯಲ್ಲಿ ಬಾತ್‌ರೂಮಿಗೆ ಹೋಗಿ ಬದಲಿಸಿಕೊಂಡು ಬನ್ನಿ. ಕ್ಷೇತ್ರಗಳಲ್ಲಿ ನಿಮಗೊಂದು ಅನುಕೂಲವೂ ಇದೆ. ಅಲ್ಲಿ ನಾಲ್ಕು ಗಂಟೆಗೇ ಎದ್ದು ಸ್ನಾನ ಮಾಡಿ, ಬಟ್ಟೆ ಹಿಂಡಿ ಹರವಿದರೆ ಯಾರಿಗೂ ಆಶ್ಚರ್ಯವಿಲ್ಲ, ಮಡಿ ಅಂದುಕೊಳ್ಳುತ್ತಾರೆ. ಎದ್ದ ಕೂಡಲೇ ಸೋಪು ಹಚ್ಚಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಇಲ್ಲದಿದ್ದರೆ ತೊಡೆಯ ಸಂದಿ ಕೆಂಪಾಗಿ ಉರಿಯುತ್ತದೆ.

ಇಷ್ಟಾದರೂ ಲಾಡ್ಜಿನ ಹಾಸಿಗೆ ಒದ್ದೆಯಾದರೆ? ರೂಂ ಬಾಯ್‌ನನ್ನು ಪಕ್ಕಕ್ಕೆ ಕರೆದು ಹೇಳಿ, ಒಗೆಯುವ ದುಡ್ಡು ಕೊಡಿ. ಮುಚ್ಚಿ ಬಂದರೆ ಮುಂದೆ ಆ ಹಾಸಿಗೆಯಲ್ಲಿ ಮಲಗುವವರಿಗೆ ಅನ್ಯಾಯ.

ಒಬ್ಬರಿಗೆ ಹೇಳಿ

ಎಲ್ಲರಿಗೂ ಹೇಳಬೇಕಿಲ್ಲ. ಒಬ್ಬರಿಗೆ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಹೆಂಡತಿ, ಅಣ್ಣ, ಹತ್ತಿರದ ಗೆಳೆಯ, ಇಲ್ಲವೇ ಪ್ರವಾಸದ ಉಸ್ತುವಾರಿ ನೋಡುವ ಅಕ್ಕ. "ಅಕ್ಕಾ, ನನಗೆ ರಾತ್ರಿ ಮೂತ್ರದ ತೊಂದರೆ ಇದೆ, ಬಾತ್‌ರೂಮ್ ಹತ್ತಿರ ಜಾಗ ಕೊಡಿಸ್ರಿ" ಎಂದರೆ ಸಾಕು, ಅದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಆದರೆ ಜ್ವರ, ಉರಿ, ಮೂತ್ರದಲ್ಲಿ ರಕ್ತ, ಕಾಲಿನಲ್ಲಿ ಶಕ್ತಿ ಕುಂದುವುದು, ಜೋಮು ಹಿಡಿಯುವುದು, ಮಲದ ಮೇಲೂ ಹಿಡಿತ ತಪ್ಪುವುದು ಕಂಡರೆ ಗುಟ್ಟು, ಸಂಕೋಚ ಎರಡನ್ನೂ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎನ್ನುತ್ತದೆ ನಮ್ಮ ಗಾದೆ. ಚಿಂತೆ ಪೂರ್ತಿ ಹೋಗದಿದ್ದರೂ, ಬೇಕಾದ್ದೆಲ್ಲ ಹೆಗಲ ಚೀಲದಲ್ಲಿದ್ದರೆ ಛತ್ರದ ಹಾಲಿನಲ್ಲೂ ಒಂದಿಷ್ಟು ಕಣ್ಣು ಮುಚ್ಚಬಹುದು. ಇನ್ನು ಈ ತೊಂದರೆ ಇಲ್ಲದ ಕೇಳುಗರಿಗೆ ಒಂದೇ ಕೋರಿಕೆ. ಮುಂದಿನ ಪ್ರವಾಸದಲ್ಲಿ ಯಾರಾದರೂ ಗೋಡೆ ಬದಿಯ ಜಾಗ ಕೇಳಿದರೆ, ದಾರಿಯಲ್ಲಿ ಇನ್ನೊಮ್ಮೆ ಗಾಡಿ ನಿಲ್ಲಿಸಿ ಎಂದರೆ, ಯಾಕೆಂದು ಕೇಳಬೇಡಿ, ನಗಬೇಡಿ. ಜಾಗ ಬಿಟ್ಟುಕೊಡಿ. ಶುಭ ಪ್ರಯಾಣ.